ಯಾರ ಮೊಳ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಏಪ್ರಿಲ್ ಬಂತೆಂದರೆ ನನ್ನ ಮೇಜಿನ ಮೇಲೆ ಒಂದೇ ಥರದ ಕಾಗದಗಳು. "ರಜೆಗೆ ಊರಿಗೆ ಬಂದಿದ್ದೇವೆ, ಅಕ್ಕ" ಅಂತಲೇ ಶುರು. ಅತ್ತೆ ಸೊಸೆ ಮುನಿಸು, ಗಂಡ ಹೆಂಡತಿ ಜಗಳ ಎಲ್ಲ ಜೂನ್ ಮೇಲೆ ಬರುತ್ತವೆ, ಬಂದವರು ವಾಪಸ್ ಹೋದಮೇಲೆ. ಹಾಗಾಗಿ ಈ ಸಲ ಪೂರ್ತಿ ಊರಿಗೆ ಬಂದವರ ಪಾಲು. ನಾನೂ ಹನ್ನೊಂದು ವರ್ಷ ಪುಣೆಯಲ್ಲಿದ್ದು, ಪ್ರತಿ ಬೇಸಿಗೆಗೂ ಟ್ರಂಕು ಎತ್ತಿಕೊಂಡು ಬಂದವಳೇ.

ಪ್ರಶ್ನೆ: ಅಕ್ಕ, ನಾವಿರೋದು ಮ್ಯೂನಿಕ್‌ನಲ್ಲಿ. ಆರು ವಾರಕ್ಕೆ ಅಂತ ಅಮ್ಮನ ಮನೆಗೆ ಬಂದಿದ್ದೇನೆ. ಒಂಬತ್ತು ವರ್ಷದ ಮಗ ಜೊತೆಗಿದ್ದಾನೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಕನ್ನಂಬಾಡಿ ಎಲ್ಲ ಮೊದಲ ವಾರದಲ್ಲೇ ಮುಗಿಯಿತು. ಈಗ ದಿನಾ ಬೆಳಿಗ್ಗೆ "ಇನ್ನೇನಿದೆ?" ಅಂತ ಕೇಳುತ್ತಾನೆ. ಇದೇ ಊರಲ್ಲಿ ಹುಟ್ಟಿ ಬೆಳೆದ ನನಗೇ ಉತ್ತರ ಗೊತ್ತಿಲ್ಲ. ನಾಚಿಕೆಯಾಗುತ್ತೆ.
(ಓದುಗಿ, ಸರಸ್ವತಿಪುರಂ, ಮೈಸೂರು)

ಉತ್ತರ: ನಾಚಿಕೆ ಯಾಕಮ್ಮ? ಊರಲ್ಲೇ ಇರುವವರು ಊರು ನೋಡುವುದು ನೆಂಟರು ಬಂದಾಗ ಮಾತ್ರ. ನಾನು ಮದುವೆಯಾಗಿ ಹೊರಗೆ ಹೋಗುವ ತನಕ ದೇವರಾಜ ಮಾರುಕಟ್ಟೆ ಅಂದರೆ ಅಪ್ಪನ ಚೀಲ ಹಿಡಿದು ಹಿಂದೆ ಹೋಗುವ ಜಾಗ, ಅಷ್ಟೇ. ನೋಡಿದ್ದು ಪುಣೆಯಿಂದ ಬಂದಮೇಲೆ.

ಮಗನನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ಆದರೆ ಹನ್ನೊಂದು ಗಂಟೆಗಲ್ಲ. ಆ ಹೊತ್ತಿಗೆ ಕುಂಕುಮದ ಗೋಪುರಗಳ ಮುಂದೆ ಫೋಟೋ ತೆಗೆಯುವವರೇ ಜಾಸ್ತಿ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ಹೂವಿನ ಸಾಲಿನಲ್ಲಿ ನೆಲವೆಲ್ಲ ಒದ್ದೆ, ಬಾಳೆ ನಾರಿನ ವಾಸನೆ, ಬುಟ್ಟಿ ಹೊತ್ತವರು "ಸೈಡು, ಸೈಡು" ಅಂತ ತಳ್ಳಿಕೊಂಡು ಹೋಗುತ್ತಾರೆ. ಹುಡುಗನ ಕೈಗೆ ನೂರು ರೂಪಾಯಿ ಕೊಡಿ. ಹೂವು ಅವನೇ ಕೊಳ್ಳಲಿ. ಮತ್ತು ಒಂದು ಪ್ರಶ್ನೆ ಕೇಳಲಿ: "ಮೊಳ ಅಂದರೆ ಯಾರ ಮೊಳ?"

ಈ ಪ್ರಶ್ನೆ ನಾನು ಕೇಳಿದ್ದೆ. ಪುಣೆಗೆ ಹೋಗಿ ಎರಡು ವರ್ಷವಾಗಿತ್ತು, ಬಾಯಿ ಸ್ವಲ್ಪ ಜೋರಾಗಿತ್ತು. ಹೂವಿನ ಅಜ್ಜಿ ಮೊಣಕೈಯಿಂದ ನಡುಬೆರಳ ತುದಿಗೆ ಸರಸರ ಅಳೆದು ಕತ್ತರಿಸಿದಳು. "ಏನಜ್ಜಿ, ಮೊಳ ಗಿಡ್ಡ ಆಯ್ತಲ್ಲ" ಅಂದೆ. ಅವಳು ಮಾತಾಡಲಿಲ್ಲ. ನನ್ನ ಕೈ ಹಿಡಿದೆಳೆದು, ಅದೇ ಹೂವನ್ನು ನನ್ನ ಮೊಣಕೈಗೆ ಇಟ್ಟು ಅಳೆದಳು. ಒಂದು ಬೆರಳಷ್ಟು ಹೂವು ಮಿಕ್ಕಿತು. "ನಿನ್ನ ಮೊಳಕ್ಕಿಂತ ನನ್ನ ಮೊಳವೇ ಉದ್ದ ಕಣವ್ವ. ನಿಂಗೇ ಲಾಭ" ಅಂದಳು. ಆಮೇಲೆ ಅವಳು ಇರುವ ತನಕ ಬೇರೆಯವರ ಹತ್ತಿರ ನಾನು ಹೂವು ಕೊಳ್ಳಲಿಲ್ಲ.

ಮನೆಗೆ ಬಂದಮೇಲೆ ಮಗನ ಕೈಯಲ್ಲಿ ಇನ್ನೊಂದು ಕೆಲಸ ಮಾಡಿಸಿ. ಅವನ ಎರಡು ಗೇಣು ಸೇರಿದರೆ ಸುಮಾರು ಅವನ ಒಂದು ಮೊಳ. ನಾಲ್ಕು ಮೊಳ ಸೇರಿದರೆ ಒಂದು ಮಾರು, ಅಂದರೆ ಎರಡೂ ಕೈ ಚಾಚಿದರೆ ಆಗುವಷ್ಟು. ಆ ಮಾರನ್ನು ಗೋಡೆಗೆ ನಿಲ್ಲಿಸಿ ನೋಡಿ, ಹೆಚ್ಚುಕಮ್ಮಿ ಅವನ ಎತ್ತರವೇ ಇರುತ್ತೆ. ಅಜ್ಜಿಯದು ಅಜ್ಜಿಯ ಲೆಕ್ಕಕ್ಕೆ ಸರಿ, ಮೊಮ್ಮಗನದು ಮೊಮ್ಮಗನ ಲೆಕ್ಕಕ್ಕೆ ಸರಿ. ನಮ್ಮ ಅಕ್ಕನ ಮೊಮ್ಮಗ ಇದನ್ನು ಕಂಡುಹಿಡಿದ ದಿನ ಮನೆಯವರನ್ನೆಲ್ಲ ಗೋಡೆಗೆ ನಿಲ್ಲಿಸಿ ಅಳೆದ. ಕೊನೆಗೆ ನಾಯಿಯನ್ನೂ ಬಿಡಲಿಲ್ಲ. ನಾಯಿ ಲೆಕ್ಕ ಸರಿಬರಲಿಲ್ಲ.

ಹೂವಿನಿಂದ ತರಕಾರಿ ಸಾಲಿಗೆ ಬಂದರೆ "ಕೊಸರು" ಅನ್ನುವ ಮಾತು ಕಲಿಸಿ. ಕೊಂಡದ್ದರ ಮೇಲೆ ಒಂದು ಹಿಡಿ ಜಾಸ್ತಿ, ದುಡ್ಡಿಲ್ಲದೆ. ಕರಿಬೇವಿನ ಎರಡು ಕಡ್ಡಿ, ನಾಲ್ಕು ಹಸಿಮೆಣಸಿನಕಾಯಿ. "ಕೊಸರು ಹಾಕಿ" ಅಂತ ಅವನ ಜರ್ಮನ್ ನಾಲಿಗೆಯಲ್ಲಿ ಕೇಳಿದರೆ ಎರಡು ಹಿಡಿ ಬೀಳುತ್ತೆ, ಬರೆದಿಟ್ಟುಕೊಳ್ಳಿ. ಅಲ್ಲೇ ಈರನಗೆರೆ ಬದನೆಕಾಯಿ ಸಿಕ್ಕರೆ ಬಿಡಬೇಡಿ. ಹಸಿರು ಬಣ್ಣ, ಬೆಣ್ಣೆಯ ಹಾಗೆ ಬೇಯುತ್ತೆ. ಈರನಗೆರೆ ನಮ್ಮೂರ ಒಂದು ಬಡಾವಣೆ ಅನ್ನೋದನ್ನು ಹೇಳಿ. ತಾನು ಬಸ್ಸಿನಲ್ಲಿ ದಾಟಿ ಬಂದ ಜಾಗದ ಹೆಸರು ತಟ್ಟೆಯಲ್ಲಿರೋದು ಮಕ್ಕಳಿಗೆ ಮಜಾ.

ಮಾರುಕಟ್ಟೆಗೆ ನೂರು ವರ್ಷದ ಮೇಲಾಯಿತು. 2016ರಲ್ಲಿ ಧನ್ವಂತರಿ ರಸ್ತೆ ಕಡೆಯ ಒಂದು ಭಾಗ ಕುಸಿದುಬಿತ್ತು. ಕೆಡವಿ ಕಟ್ಟಬೇಕೋ ರಿಪೇರಿ ಮಾಡಬೇಕೋ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ನನ್ನನ್ನು ಕೇಳಿದರೆ ರಿಪೇರಿ. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಅಲ್ಲಿಂದ ನಡೆದು ಚಿಕ್ಕ ಗಡಿಯಾರ ದಾಟಿ ದೊಡ್ಡ ಗಡಿಯಾರದ ಹತ್ತಿರ ಬನ್ನಿ. ಹತ್ತೇ ನಿಮಿಷ. ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಭಾರ ವಹಿಸಿಕೊಂಡು ಇಪ್ಪತ್ತೈದು ವರ್ಷವಾಯಿತೆಂದು ಅರಮನೆ ನೌಕರರು ಸೇರಿ 1927ರಲ್ಲಿ ಕಟ್ಟಿಸಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ನೀವು ಎಷ್ಟು ಸಲ ಅದರ ಕೆಳಗೆ ಓಡಾಡಿರಬಹುದು? ನಾನು ಸಾವಿರ ಸಲ ಓಡಾಡಿದ್ದೆ, ಮೂವತ್ತೊಂದು ವರ್ಷವಾದಾಗ ಕಣ್ಣಿಗೆ ಬಿತ್ತು. ಕನ್ನಡ ಅಂಕಿ ಕಲಿಸಲು ಪುಸ್ತಕ ಬೇಡ. "ಈಗ ಟೈಮೆಷ್ಟು?" ಅಂತ ಕೇಳಿ, ಸುಮ್ನೆ ನಿಂತುಕೊಳ್ಳಿ. ೬ ಮತ್ತು ೯ ನೋಡಿ ಒಂದು ಸಲ ಗಲಿಬಿಲಿ ಆಗುತ್ತೆ, ಆಮೇಲೆ ಜನ್ಮದಲ್ಲಿ ಮರೆಯಲ್ಲ.

ಇನ್ನು ಸಂಜೆ. ಮೈಸೂರು ಮಲ್ಲಿಗೆಗೆ ಇದೇ ಸುಗ್ಗಿ. ಮಧ್ಯಾಹ್ನ ಮೊಗ್ಗಾಗಿಯೇ ತನ್ನಿ, ಸಂಜೆಗೆ ಮನೆಯಲ್ಲೇ ಬಿರಿಯಲಿ. ನಾಲ್ಕು ಹೂವು ಬಿಡಿಸಿ ಮಣ್ಣಿನ ಹೂಜಿಯ ನೀರಿಗೆ ಹಾಕಿ, ರಾತ್ರಿ ಊಟಕ್ಕೆ ಆ ನೀರು ಕೊಡಿ. ಫ್ರಿಜ್ಜಿನ ನೀರು ಬೇಡ ಅನ್ನುತ್ತಾನೆ, ನೋಡಿ ಬೇಕಾದರೆ.

ಅರಮನೆ ಹಗಲು ನೋಡಿ ಬಂದಿದ್ದರೆ ಭಾನುವಾರ ಸಂಜೆ ಇನ್ನೊಮ್ಮೆ ಹೋಗಿ. ಸುಮಾರು 97,000 ಬಲ್ಬುಗಳು. ಆದರೆ ಬಲ್ಬು ನೋಡಬೇಡಿ. ದೀಪ ಹತ್ತುವ ಹೊತ್ತಿಗೆ ಅರಮನೆಗೆ ಬೆನ್ನು ತಿರುಗಿಸಿ ನಿಂತು ಜನರ ಮುಖ ನೋಡಿ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಏಳು ವರ್ಷದ ಮಗಳನ್ನು ಒಂದು ತಿಂಗಳು ಮಂಡ್ಯದ ಹತ್ತಿರ ಅಜ್ಜಿ ಮನೆಯಲ್ಲಿ ಬಿಟ್ಟಿದ್ದೆವು. ಈಗ "ವಸಿ ತಾಳಮ್ಮ", "ಐಕ್ಳೆಲ್ಲ ಬಂದವ್ರೆ", "ಮಳೆ ಉಯ್ತಾ ಅದೆ" ಅಂತ ಮಾತಾಡುತ್ತಿದ್ದಾಳೆ. ಶಾಲೆಯಲ್ಲಿ ನಗುತ್ತಾರೆ ಅನ್ನುವ ಭಯ. ಹೇಗೆ ಬಿಡಿಸಲಿ?
(ಓದುಗಿ, ಬೆಂಗಳೂರು)

ಉತ್ತರ: ಬಿಡಿಸಬೇಡಿ. ಯಾರಾದರೂ ನಕ್ಕರೆ ನನ್ನ ಹತ್ತಿರ ಕಳಿಸಿ.

ಸಿಟ್ಟಲ್ಲ, ಸ್ವಲ್ಪ ಯೋಚನೆ ಮಾಡಿ. "ವಸಿ" ಅಂದರೆ ಒಂಚೂರು. "ಸ್ವಲ್ಪ" ಅನ್ನೋದು ಸಂಸ್ಕೃತದಿಂದ ಬಂದದ್ದು, "ವಸಿ" ನಿಮ್ಮತ್ತೆಯ ಹೊಲದ್ದು. ಹೈದ ಅಂದರೆ ಹುಡುಗ, ಹೈಕಳು ಅಂದರೆ ಮಕ್ಕಳು, ಬಾಯಲ್ಲಿ "ಹ" ಬಿದ್ದು ಐಕ್ಳು ಆಗಿದೆ. ಇನ್ನೂ ಚೆಂದದ್ದು "ಕಣ್" ಅನ್ನುವ ಬಾಲ. ಅಣ್ಣನಿಗೆ "ಕಣಣ್ಣ", ಅಕ್ಕನಿಗೆ "ಕಣಕ್ಕ", ತಾಯಿಯಂಥವರಿಗೆ "ಕಣವ್ವ", ಜೊತೆಯ ಹುಡುಗನಿಗೆ "ಕಣ್ಲಾ", ಹುಡುಗಿಗೆ "ಕಣಮ್ಮಿ". ಒಂದು ವಾಕ್ಯ ಮುಗಿಸಬೇಕಾದರೆ ಎದುರಿಗಿರುವವರು ನಮಗೇನಾಗಬೇಕು ಅಂತ ತೀರ್ಮಾನ ಮಾಡಲೇಬೇಕು. ಇಷ್ಟೆಲ್ಲ ನಿಮ್ಮ ಮಗಳು ಒಂದೇ ತಿಂಗಳಲ್ಲಿ ಫೀಸಿಲ್ಲದೆ ಕಲಿತಿದ್ದಾಳೆ. ಶಾಲೆಯ ಕನ್ನಡ ಶಾಲೆಯಲ್ಲಿ ಬರುತ್ತೆ. ಮಕ್ಕಳಿಗೆ ಎರಡು ಚಪ್ಪಲಿ ಇರುವ ಹಾಗೆ ಎರಡು ಮಾತೂ ಇರುತ್ತವೆ.

ನಾನು ಪಾಂಡವಪುರ ಕಡೆಯವಳು. ಮೈಸೂರಿನ ಶಾಲೆಯಲ್ಲಿ ಮೊದಲ ದಿನ "ಆಲು" ಅಂದೆ ಅಂತ ನಕ್ಕರು. ಮೂವತ್ತು ವರ್ಷ ಅದೇ ಊರಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾದೆ. ಮನೆಗೆ ಹೋದರೆ ಈಗಲೂ ಆಲೇ ಕಾಯಿಸೋದು.

ಪ್ರಶ್ನೆ: ಅಕ್ಕ, ಗಂಡನ ಮನೆ ಮಂಡ್ಯ. ನಾನು ಧಾರವಾಡದವಳು. ಯುಗಾದಿಗೆ ಬಂದಾಗ ಮಾರನೇ ದಿನ ಊರಿಗೆ ಊರೇ ಮಾಂಸದ ಗುಡ್ಡೆ ಹಾಕಿಕೊಂಡು ಕೂತಿತ್ತು. "ಹೊಸತೊಡಕು" ಅಂದರು. ಹಬ್ಬದ ಮಾರನೇ ದಿನ ಹೀಗೆ ಮಾಡೋದು ಯಾಕೆ?
(ಓದುಗಿ, ಮಂಡ್ಯ)

ಉತ್ತರ: ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು. ಅದು ದೇವರಿಗೆ. ಮಾರನೇ ದಿನ ನಮಗೆ. ಹೊಸ ವರ್ಷದ ಮೊದಲ ತೊಡಗುವಿಕೆ ಅದು, ಆ ದಿನ ಹೇಗಿರುತ್ತೀವೋ ವರ್ಷವೆಲ್ಲ ಹಾಗೇ ಅನ್ನೋದು ನಂಬಿಕೆ. ಹೊಟ್ಟೆ ತುಂಬ ಬಾಡೂಟ ಉಂಡರೆ ವರ್ಷವೆಲ್ಲ ಉಂಡ ಹಾಗೆ. ಇಸ್ಪೀಟು ಆಡುವವರೂ ಇದೇ ನೆಪ ಹೇಳುತ್ತಾರೆ, ಅವರ ಮಾತು ಬಿಡಿ.

ನೀವು ನೋಡಿದ ಗುಡ್ಡೆಗಳ ಹಿಂದೆ ಒಂದು ಲೆಕ್ಕ ಇದೆ. ಎಷ್ಟೋ ಹಳ್ಳಿಗಳಲ್ಲಿ ವರ್ಷವೆಲ್ಲ ತಿಂಗಳಿಗಿಷ್ಟು ಅಂತ ಚೀಟಿ ಕಟ್ಟುತ್ತಾರೆ. ಯುಗಾದಿ ಹೊತ್ತಿಗೆ ಆ ದುಡ್ಡಲ್ಲಿ ಮರಿ ತಂದು ಕೊಯ್ದು, ಬಾಳೆ ಎಲೆಯೋ ತೆಂಗಿನ ಗರಿಯೋ ಹಾಸಿ, ಎಲ್ಲರ ಗುಡ್ಡೆಗೂ ಎಲ್ಲ ಭಾಗ ಸಮನಾಗಿ ಬೀಳುವ ಹಾಗೆ ಹಂಚುತ್ತಾರೆ. ನಮ್ಮ ದೊಡ್ಡಪ್ಪ ಗುಡ್ಡೆ ಹಾಕುವವರು. ತಕ್ಕಡಿ ಮುಟ್ಟುತ್ತಿರಲಿಲ್ಲ, ಕಣ್ಣಳತೆ. ಯಾರಾದರೂ "ಅದು ದಪ್ಪ, ಇದು ಸಣ್ಣ" ಅಂದರೆ "ಹಾಗಾದ್ರೆ ಆ ಸಣ್ಣದ್ದು ನಂಗಿರಲಿ" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ವರ್ಷ ಯುಗಾದಿ ದಿನವೇ ಬೆಳಿಗ್ಗೆ ಬೇಗ ಎದ್ದು ಹೊಲದ ಕಡೆ ಹೋಗಿ. ಎತ್ತುಗಳಿಗೆ ಸಿಂಗಾರ ಮಾಡಿ ವರ್ಷದ ಮೊದಲ ಗೆರೆ ಉಳುತ್ತಾರೆ. ಹೊನ್ನಾರು ಅಂತಾರೆ. ಟ್ರಾಕ್ಟರ್ ಬಂದಮೇಲೆ ಅಪರೂಪ, ಇರುವ ಊರಲ್ಲಿ ನೋಡಿಕೊಂಡುಬಿಡಿ.

ಪ್ರಶ್ನೆ: ಈ ಸಲ ರಜೆಯಲ್ಲಿ ಅಮ್ಮನಿಂದ ಸಂಡಿಗೆ ಕಲಿಯೋಣ ಅಂತ ಮನೆಯಿಂದಲೇ ಕೆಲಸ ಹಾಕಿಸಿಕೊಂಡು ಬಂದೆ. ಎರಡು ಸಲ ಮಾಡಿದೆವು. ಮೊದಲನೇದು ಒಡೆದು ಪುಡಿಯಾಯಿತು. ಎರಡನೇದು ಮಳೆಗೆ ಹೋಯಿತು. ಅಮ್ಮ "ಅಂಗಡಿಯಲ್ಲಿ ಸಿಗುತ್ತೆ ಬಿಡು" ಅಂದುಬಿಟ್ಟರು. ಮನಸ್ಸಿಗೆ ಬೇಜಾರಾಗಿದೆ.
(ಓದುಗ, ಕುವೆಂಪುನಗರ, ಮೈಸೂರು)

ಉತ್ತರ: ಗಂಡುಮಗ ಸಂಡಿಗೆ ಇಡಲು ಕೆಲಸವನ್ನೇ ಮನೆಗೆ ತಂದಿದ್ದೀರಿ. ಇದಕ್ಕೇ ಈ ತಿಂಗಳು ಜಾಗ ಜಾಸ್ತಿ.

ಒಡೆದದ್ದು ಯಾಕೆ ಅಂತ ಮೊದಲು. ಅಕ್ಕಿ ಹಿಟ್ಟು ಪೂರ್ತಿ ಬೆಂದಿರಲಿಲ್ಲ. ಕುದಿಯುವ ನೀರಿಗೆ ಉಪ್ಪು, ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ, ನೀರಲ್ಲಿ ಕದಡಿದ ಹಿಟ್ಟು ಸುರಿದು ಕೈ ಬಿಡದೆ ತಿರುವಬೇಕು. ಬಿಳಿ ಹೋಗಿ ಗಾಜಿನ ಹಾಗೆ ಹೊಳಪು ಬರಬೇಕು. ನಾವು ಆತುರ ಬೀಳೋದೇ ಇಲ್ಲಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿದರೆ ಅಂಟಬಾರದು. ಹಸಿ ಉಳಿದರೆ ಒಣಗುವಾಗ ಬಿರುಕು ಬಿಡುತ್ತೆ. ಉಪ್ಪು ನಾಲಿಗೆಗೆ ವಸಿ ಕಮ್ಮಿ ಅನ್ನಿಸುವಷ್ಟೇ ಇರಲಿ. ನೀರು ಆರಿದಮೇಲೆ ಉಪ್ಪು ಏರುತ್ತೆ, ಇದು ಎಲ್ಲರೂ ಒಂದು ಸಲ ಕೆಡಿಸಿಯೇ ಕಲಿಯೋದು.

ಮಳೆ ವಿಷಯಕ್ಕೆ ಬಂದರೆ, ತಪ್ಪು ನಿಮ್ಮದಲ್ಲ, ಪಂಚಾಂಗ ನೋಡದಿದ್ದದ್ದು. ನಮ್ಮಮ್ಮ ಮಳೆಯನ್ನು ನಕ್ಷತ್ರದಲ್ಲಿ ಎಣಿಸುತ್ತಿದ್ದಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವೆ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ತಿಂಗಳ ಕೊನೆಗೆ ರೋಹಿಣಿ. "ಭರಣಿ ಬಂದರೆ ಧರಣಿ ಬದುಕೀತು" ಅನ್ನೋಳು. ಧರಣಿ ಬದುಕುತ್ತೆ, ಸಂಡಿಗೆ ಸಾಯುತ್ತೆ. ಅದಕ್ಕೇ ಶಿವರಾತ್ರಿ ಕಳೆದ ಮೇಲೆ ಶುರುಮಾಡಿ ಯುಗಾದಿ ಆಸುಪಾಸಿನಲ್ಲಿ ಡಬ್ಬ ತುಂಬಿಬಿಡುತ್ತಿದ್ದಳು.

ನಾನು ಈ ಬುದ್ಧಿ ಕಲಿತದ್ದು 1994ರ ಮೇನಲ್ಲಿ. ಪುಣೆಗೆ ಒಯ್ಯಲು ಅಂತ ಮೂರು ಸೇರು ಅಕ್ಕಿಯ ಸಂಡಿಗೆ, ತಾರಸಿ ತುಂಬ ಹಳೇ ಪಂಚೆಗಳ ಮೇಲೆ ಇಟ್ಟಿದ್ದೆ. ಕಾಗೆಗೆ ಹೆದರಿಸಲು ಕಪ್ಪು ಛತ್ರಿ ಬಿಚ್ಚಿಟ್ಟು, ಪಕ್ಕದ ಮನೆ ಹೈಕಳನ್ನು ಕಾವಲಿಗೆ ಕೂರಿಸಿ, ಒಂದು ಗಳಿಗೆ ಮಲಗಿದೆ. ನಾಲ್ಕು ಗಂಟೆಗೆ ಗುಡುಗು. ಎದ್ದು ಓಡಿದರೆ ತಾರಸಿಯಲ್ಲಿ ಗಂಜಿ ಹರಿಯುತ್ತಿದೆ, ಕಾವಲಿನವರು ಛತ್ರಿ ಕೆಳಗೆ ಕೂತು ಅರೆ ಒಣಗಿದ್ದನ್ನು ಕಿತ್ತು ತಿನ್ನುತ್ತಿದ್ದಾರೆ. "ಆಂಟಿ, ಇಷ್ಟು ಉಳಿಸಿದ್ದೀವಿ" ಅಂತ ಒಬ್ಬ ಅಂಗೈ ತೋರಿಸಿದ. ನಾಲ್ಕು ಇದ್ದವು.

ಆದರೆ ಹೇಳಿ, ಅರೆ ಒಣಗಿದ ಸಂಡಿಗೆಯ ರುಚಿ ಯಾವ ಅಂಗಡಿಯಲ್ಲಿ ಸಿಗುತ್ತೆ? ಮೇಲೆ ಪೊರೆ ಕಟ್ಟಿದೆ, ಒಳಗೆ ಮೆತ್ತಗಿದೆ, ಬಿಸಿಲಿಗೆ ಬೆಚ್ಚಗಿದೆ. ಕುಕ್ಕರಿನಿಂದ ಇಳಿಸಿದ ಬಿಸಿ ಹಿಟ್ಟನ್ನು ತಟ್ಟೆಗೆ ಹಾಕಿ ಎಣ್ಣೆ ಬಿಟ್ಟುಕೊಂಡು ತಿನ್ನೋದು ಇನ್ನೊಂದು. ಇದೆರಡಕ್ಕಾಗಿಯೇ ಸಂಡಿಗೆ ಮಾಡಬೇಕು. ಒಣಗಿ ಡಬ್ಬ ಸೇರಿದ್ದು ಮಿಕ್ಕಿದ್ದು.

ಈಗ ಏನು ಮಾಡೋದು? ಮೇ ಬಂದಾಯಿತು, ದೊಡ್ಡ ಸಾಹಸ ಬೇಡ. ಬಾಳಕದ ಮೆಣಸಿನಕಾಯಿ ಮಾಡಿ. ದಪ್ಪ ಹಸಿಮೆಣಸಿನಕಾಯಿ ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ತೆಗೆದು ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಇಂಗುವ ತನಕ ಹೀಗೇ. ಒಂದು ಮೊರದಲ್ಲಿ ಹಿಡಿಯುತ್ತೆ, ಮೋಡ ಕಂಡರೆ ಒಂದೇ ಕೈಯಲ್ಲಿ ಒಳಗೆ ತರಬಹುದು. ಮೀಟಿಂಗಿನ ನಡುವೆ ಎದ್ದು ಹೋಗಲು ಒಳ್ಳೆ ಕಾರಣವೂ ಆಯಿತು. ಅಮ್ಮನಿಗೆ ಹೇಳಬೇಡಿ, ನೀವೇ ಶುರುಮಾಡಿ. ಮೆಣಸಿನಕಾಯಿ ಸೀಳುವ ಪರಿ ನೋಡಿ ತಡೆಯಲಾರದೆ ಅವರೇ ಬಂದು ಚಾಕು ಕಿತ್ತುಕೊಳ್ಳುತ್ತಾರೆ.

ಪ್ರಶ್ನೆ: ನಂಜನಗೂಡು ರಸಬಾಳೆ ಅಂತ ರಸ್ತೆ ಬದಿ ಕೊಂಡೆ. ತಾತ ಹೇಳುತ್ತಿದ್ದ ಪರಿಮಳವೇ ಇಲ್ಲ. ಮೋಸ ಹೋದೆನಾ?
(ಓದುಗ, ಜಯಲಕ್ಷ್ಮೀಪುರಂ, ಮೈಸೂರು)

ಉತ್ತರ: ಹೋಗಿರಬಹುದು. ಪನಾಮಾ ಸೊರಗು ರೋಗ ಬಂದು ರಸಬಾಳೆ ತೋಟಗಳು ತುಂಬ ಕಮ್ಮಿಯಾದವು. ಭೌಗೋಳಿಕ ಗುರುತು ಸಿಕ್ಕಿದೆ ನಿಜ, ಆದರೆ ಗುರುತಿನ ಹೆಸರು ಹೇಳಿಕೊಂಡು ಬೇರೆ ಬಾಳೆ ಮಾರುವವರೂ ಇದ್ದಾರೆ. ಅಗ್ಗಕ್ಕೆ ಸಿಕ್ಕಿದರೆ ಅನುಮಾನಪಡಿ. ಇಪ್ಪತ್ತೈದು ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ನಂಜನಗೂಡಿಗೇ ಹೋಗಿ. ನಂಜುಂಡೇಶ್ವರನ ದರ್ಶನ ಮಾಡಿ, ಕಪಿಲೆಯ ಮೇಲಿನ 1735ರ ಹಳೇ ಸೇತುವೆ ನೋಡಿ. ಒಂದು ಕಾಲಕ್ಕೆ ರೈಲೂ ಗಾಡಿಗಳೂ ಅದರ ಮೇಲೇ ಓಡುತ್ತಿದ್ದವು. ಆಮೇಲೆ ಗುಡಿ ಬೀದಿಯಲ್ಲಿ ಹಣ್ಣು ವಿಚಾರಿಸಿ. ಸಿಗದಿದ್ದರೆ ರಸಪುರಿ ಮಾವಿನ ಸೀಕರಣೆ ಮಾಡಿಕೊಂಡು ತಾತನಿಗೆ ಸಮಾಧಾನ ಹೇಳಿ.

ಪ್ರಶ್ನೆ: ಅಕ್ಕ, ಬೆಂಗಳೂರಿನಿಂದ ಮೈಸೂರಿಗೆ ಈಗ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆ. ನಮ್ಮಪ್ಪ ಮಾತ್ರ ರೈಲಿನಲ್ಲೇ ಹೋಗೋಣ ಅಂತಾರೆ, ಮದ್ದೂರು ವಡೆಗೋಸ್ಕರ! ಒಂದು ವಡೆಗೆ ಇಷ್ಟು ಹಟ ಸರಿಯಾ? ಮನೆಗೆ ಕಟ್ಟಿಸಿಕೊಂಡು ಬಂದರೆ ಎಷ್ಟು ದಿನ ಇರುತ್ತೆ?
(ಓದುಗಿ, ಬೆಂಗಳೂರು)

ಉತ್ತರ: ನಾನು ನಿಮ್ಮಪ್ಪನ ಪಕ್ಷ. 2023ರಲ್ಲಿ ಆ ರಸ್ತೆ ಶುರುವಾದಾಗಿನಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಬೋರ್ಡಿನ ಮೇಲಷ್ಟೇ. ಗಾಡಿ ಊರ ಪಕ್ಕದಲ್ಲಿ ಹಾರಿಹೋಗುತ್ತೆ. ರೈಲು ಮದ್ದೂರಲ್ಲಿ ಶಿಂಷಾ ದಾಟುತ್ತೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ಎರಡು ಸಲ ದಾಟುತ್ತೆ, ಆ ಊರು ದ್ವೀಪ ಅಲ್ವಾ? ಕಿಟಕಿಯಿಂದ ಒಂದು ರೂಪಾಯಿ ನಾಣ್ಯ ನದಿಗೆ ಎಸೆಯುವ ಅಜ್ಜಿಯರು ಈಗಲೂ ಇದ್ದಾರೆ.

ವಡೆ ಹುಟ್ಟಿದ್ದೇ ರೈಲಿಗಾಗಿ. 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ರಾಮಚಂದ್ರ ಬುದ್ಯ ಅನ್ನುವವರು ಮಾಡಿದ್ದು ಅಂತ ಹೇಳುತ್ತಾರೆ. ಹೆಸರು ವಡೆ, ಉದ್ದಿನ ಬೇಳೆಯ ಸೋಂಕಿಲ್ಲ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಕೈಯಲ್ಲಿ ಹಿಸುಕಿದ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ. ಕಾದ ಎಣ್ಣೆ ಬಿಟ್ಟು ಹಿಟ್ಟನ್ನು ಪುಡಿಪುಡಿಯಾಗಿ ಉಜ್ಜಿ, ಆಮೇಲೆ ನೀರು ಚಿಮುಕಿಸಿ ಗಟ್ಟಿ ಕಲಸಿ, ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕರಿಯೋದು. ಅಂಚು ಗರಿಗರಿ, ನಡುವೆ ಈರುಳ್ಳಿ ಮೆತ್ತಗೆ.

ಎಷ್ಟು ದಿನ ಇರುತ್ತೆ ಅಂದಿರಿ. ಎರಡು ದಿನ ಇರುತ್ತೆ ಅಂತ ಮಾರುವವರು ಹೇಳುತ್ತಾರೆ. ನಾನು ಪರೀಕ್ಷೆ ಮಾಡಿಲ್ಲ. ಪ್ರತಿ ಸಲ ಹನ್ನೆರಡು ಕಟ್ಟಿಸುತ್ತೇನೆ, ಶ್ರೀರಂಗಪಟ್ಟಣ ಬರುವ ಹೊತ್ತಿಗೆ ಪೊಟ್ಟಣದಲ್ಲಿ ಕರಿಬೇವು ಇರುತ್ತೆ.